ಮೊಡವೆಗೆ ಗಿಡದ ಮದ್ದು: ಎಲೆಯಿಂದ ರೋಮಕೂಪದವರೆಗಿನ ದಾರಿ

ಹಾಸನದ ಯಾವ ಗ್ರಂಥಿಗೆ ಅಂಗಡಿಗೆ ಹೋಗಿ ಮೊಡವೆಗೆ ಏನಾದರೂ ಕೊಡಿ ಎಂದರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕಸ್ತೂರಿ ಅರಿಶಿನ, ಮರದರಿಸಿನ, ಬಜೆ, ಲೋಧ್ರದ ಚಕ್ಕೆ, ಬೇವಿನ ಪುಡಿ, ಬಾವಂಚಿ ಬೀಜ, ಹೀಗೆ ಯಾವುದನ್ನಾದರೂ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದೇ ಬೀದಿಯ ಮೆಡಿಕಲ್ ಶಾಪಿನಲ್ಲಿ ಅದೇ ಮಾತು ಕೇಳಿದರೆ ಸಿಗುವುದು ಬೆನ್ಝಾಯ್ಲ್ ಪೆರಾಕ್ಸೈಡ್, ಅಡಾಪಲೀನ್, ಅಜೆಲಾಯಿಕ್ ಆ್ಯಸಿಡ್ ಟ್ಯೂಬು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವವಳು ನಾನು. ಹುಡುಗಿಯರ ಅಮ್ಮಂದಿರು ಮೇಲಿಂದ ಮೇಲೆ ಕೇಳುವ ಮಾತು ಒಂದೇ: "ಇಂಗ್ಲಿಷ್ ಮದ್ದು ಬೇಡ ಅಕ್ಕ, ಗಿಡದ್ದು ಏನಾದ್ರೂ ಇದ್ರೆ ಹೇಳಿ."

ಈ ಬೇಡಿಕೆಯ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಗಿಡದ್ದು ಒಂದು ಕಡೆ, ಇಂಗ್ಲಿಷ್ ಮದ್ದು ಇನ್ನೊಂದು ಕಡೆ ಎಂದು ಗೆರೆ ಎಳೆದರೆ ಆ ಗೆರೆ ನಿಲ್ಲುವುದಿಲ್ಲ. ಟ್ಯೂಬುಗಳಲ್ಲಿ ಕೆಲವದರ ಮೂಲ ಗಿಡವೇ. ಪೊಟ್ಟಣಗಳಲ್ಲಿ ಕೆಲವು ಮುಖವನ್ನೇ ಸುಡಬಲ್ಲವು. ನಾವು ಕೇಳಬೇಕಾದ್ದು ಬೇರೆ: ಆ ಗಿಡದಲ್ಲಿರುವ ಯಾವ ರಾಸಾಯನಿಕ ಕೆಲಸ ಮಾಡುತ್ತದೆ, ಎಷ್ಟು ಪ್ರಮಾಣ ಬೇಕು, ಮೊಡವೆ ಹುಟ್ಟುವ ಜಾಗಕ್ಕೆ ಅದು ಹೋಗಿ ಮುಟ್ಟುತ್ತದೆಯೇ, ಮನುಷ್ಯರ ಮುಖದ ಮೇಲೆ ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ?

ಮೊಡವೆ ಹುಟ್ಟುವ ಜಾಗ

ಮೊಡವೆ ಮೇಲೆ ಕಂಡರೂ ಹುಟ್ಟುವುದು ಒಳಗೆ, ರೋಮಕೂಪದಲ್ಲಿ. ಕೂದಲಿನ ಬುಡಕ್ಕೆ ಅಂಟಿಕೊಂಡಂತೆ ಒಂದು ಗ್ರಂಥಿ ಇರುತ್ತದೆ. ಅದು ಸೀಬಮ್ ಎಂಬ ಜಿಡ್ಡನ್ನು ಸ್ರವಿಸುತ್ತದೆ. ಮುಖ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಈ ಗ್ರಂಥಿಗಳು ದೊಡ್ಡವು, ದಟ್ಟವಾಗಿಯೂ ಇವೆ. ಮೊಡವೆ ಅಲ್ಲೇ ಏಳುವುದಕ್ಕೆ ಇದೇ ಕಾರಣ. ಹರೆಯಕ್ಕೆ ಬಂದಾಗ ಆ್ಯಂಡ್ರೊಜೆನ್ ಹಾರ್ಮೋನು ಹುಡುಗರಲ್ಲೂ ಹುಡುಗಿಯರಲ್ಲೂ ಏರುತ್ತದೆ, ಗ್ರಂಥಿ ಹಿಗ್ಗಿ ಜಿಡ್ಡು ಹೆಚ್ಚುತ್ತದೆ. ಇದೇ ಹೊತ್ತಿಗೆ ರೋಮಕೂಪದ ಒಳಗೋಡೆಯ ಸತ್ತ ಕೋಶಗಳು ಉದುರಿ ಹೊರಗೆ ಹೋಗದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಬಿರಡೆಯ ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಕಪ್ಪು ತಲೆ. ಆ ಕಪ್ಪು ಕೊಳೆಯಲ್ಲ, ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ನೇ ಗಾಳಿ ತಾಗಿ ಕಪ್ಪಾದದ್ದು. ಆದ್ದರಿಂದ ಉಜ್ಜಿ ಉಜ್ಜಿ ತೊಳೆದರೆ ಅದು ಹೋಗುವುದಿಲ್ಲ.

ಮೂರನೆಯ ಪಾತ್ರ ಬ್ಯಾಕ್ಟೀರಿಯದ್ದು. ಅದರ ಹೆಸರು ಕ್ಯುಟಿಬ್ಯಾಕ್ಟೀರಿಯಮ್ ಆ್ಯಕ್ನೆಸ್. 2016ರಲ್ಲಿ ಹೊಸದಾಗಿ ವರ್ಗೀಕರಿಸುವ ತನಕ ಪ್ರೊಪಿಯೋನಿಬ್ಯಾಕ್ಟೀರಿಯಮ್ ಎನ್ನುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಇದೆ. ಇದು ಹೊರಗಿನಿಂದ ಬಂದ ಸೋಂಕಲ್ಲ, ಮೊಡವೆ ಇಲ್ಲದವರ ಮುಖದಲ್ಲೂ ಇರುತ್ತದೆ. ಗಾಳಿಯಾಡದ, ಜಿಡ್ಡು ತುಂಬಿದ ರೋಮಕೂಪ ಸಿಕ್ಕರೆ ಹುಲುಸಾಗಿ ಬೆಳೆಯುತ್ತದೆ, ಜಿಡ್ಡನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡುಗಡೆ ಮಾಡುತ್ತದೆ. ಇದಕ್ಕೆಲ್ಲ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳುವುದು ನಾಲ್ಕನೆಯ ಸಂಗತಿ, ಅದೇ ಉರಿಯೂತ. ಕೆಂಪು, ಊತ, ಕೀವು, ನೋವು ಬರುವುದು ಇಲ್ಲಿಂದ. ಉರಿಯೂತ ಕೊನೆಗೆ ಬರುತ್ತದೆ ಎಂದು ಮೊದಲು ನಂಬಿದ್ದರು. ಬಿರಡೆ ಕಣ್ಣಿಗೆ ಕಾಣುವ ಮೊದಲೇ ಅದು ಒಳಗೆ ಶುರುವಾಗಿರುತ್ತದೆ ಎಂಬುದು ಈಗಿನ ತಿಳಿವಳಿಕೆ.

ಜಿಡ್ಡು, ಬಿರಡೆ, ಬ್ಯಾಕ್ಟೀರಿಯ, ಉರಿಯೂತ. ಯಾವ ಮದ್ದಾದರೂ ಈ ನಾಲ್ಕರಲ್ಲಿ ಒಂದನ್ನಾದರೂ ತಡೆಯಬೇಕು. ಗಿಡದ ಮದ್ದಿನ ಬಗ್ಗೆ ಓಡಾಡುವ ಮಾತುಗಳಲ್ಲಿ ಹೆಚ್ಚಿನವು 'ಕ್ರಿಮಿ ಸಾಯುತ್ತದೆ' ಎಂಬಲ್ಲಿಗೆ ನಿಂತುಬಿಡುತ್ತವೆ. ಬ್ಯಾಕ್ಟೀರಿಯ ಒಂದನ್ನೇ ಸಾಯಿಸಿದರೆ ಮೊಡವೆ ಪೂರ್ತಿ ನಿಲ್ಲುವುದಿಲ್ಲ. ಕ್ಲಿಂಡಮೈಸಿನ್, ಎರಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಮುಲಾಮುಗಳನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದ್ದರಿಂದ ಅವಕ್ಕೆ ಬಗ್ಗದ ಬ್ಯಾಕ್ಟೀರಿಯ ಜಗತ್ತಿನ ಎಲ್ಲ ಕಡೆ ಹುಟ್ಟಿಕೊಂಡಿದೆ. ವಿಜ್ಞಾನಿಗಳು ಮತ್ತೆ ಗಿಡಗಳ ಕಡೆ ತಿರುಗಿ ನೋಡಲು ಇದೂ ಒಂದು ದೊಡ್ಡ ಕಾರಣ.

ಗಾಜಿನ ತಟ್ಟೆ ಬೇರೆ, ಕೆನ್ನೆ ಬೇರೆ

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯ ಬೆಳೆಸಿ ಅದರ ಮೇಲೆ ಬೇವಿನ ಸಾರವನ್ನೋ ಲವಂಗದ ಎಣ್ಣೆಯನ್ನೋ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ. ಇದರಲ್ಲಿ ಅಚ್ಚರಿ ಇಲ್ಲ. ಗಿಡ ಓಡಿಹೋಗಲಾರದು, ಬೂಷ್ಟು, ಹುಳ, ಬ್ಯಾಕ್ಟೀರಿಯಗಳನ್ನು ಅದು ರಾಸಾಯನಿಕಗಳಿಂದಲೇ ಎದುರಿಸಬೇಕು. ಹಾಗಾಗಿ ಬ್ಯಾಕ್ಟೀರಿಯ ತಡೆಯುವ ಗುಣ ಸಾವಿರಾರು ಗಿಡಗಳಲ್ಲಿದೆ. ಪತ್ರಿಕೆಯಲ್ಲಿ 'ಮೊಡವೆಗೆ ರಾಮಬಾಣ' ಎಂದು ಬರುವ ಸುದ್ದಿಗಳಲ್ಲಿ ಬಹಳಷ್ಟು ಈ ತಟ್ಟೆಯ ಹಂತದ್ದು.

ಕೆನ್ನೆಯ ಲೆಕ್ಕ ಬೇರೆ. ಚರ್ಮದ ಹೊರಪದರ ಇರುವುದೇ ಹೊರಗಿನದ್ದನ್ನು ಹೊರಗೇ ಇಡಲು. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಈ ಪದರವನ್ನು ದಾಟುವುದು ಕಷ್ಟ. ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ. ಬೇವಿನ ಹೆಸರುವಾಸಿ ಅಜಾಡಿರಾಕ್ಟಿನ್ ತೂಗುವುದು ಸುಮಾರು 720. ಅತಿಮಧುರದ ಸಿಹಿ ಕೊಡುವ ಗ್ಲಿಸಿರೈಝಿನ್ 820ರ ಮೇಲೆ. ಸ್ಯಾಲಿಸಿಲಿಕ್ ಆ್ಯಸಿಡ್ ಬರೀ 138. ಅಜೆಲಾಯಿಕ್ ಆ್ಯಸಿಡ್ 188. ಮೊಡವೆಯ ಟ್ಯೂಬಾಗಿ ಗೆದ್ದ ಎರಡೂ ಗಾತ್ರದಲ್ಲಿ ಪುಟ್ಟವು ಎಂಬುದು ಗಮನಿಸತಕ್ಕದ್ದು. ಗಾತ್ರ ಒಂದೇ ಸಾಲದು ಕೂಡ. ಅರಿಶಿನದ ಕರ್ಕ್ಯುಮಿನ್ 368, ಗಾತ್ರದಲ್ಲಿ ಪಾಸು. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಬೆಳಕಿಗೆ ಒಡೆಯುತ್ತದೆ. ನಮ್ಮ ದೇಹದ ಉಷ್ಣತೆಯಲ್ಲಿ, ಪಿಎಚ್ 7.2ರ ದ್ರಾವಣದಲ್ಲಿ ಇಟ್ಟರೆ ಅರ್ಧ ಗಂಟೆಯೊಳಗೆ ಶೇ. 90ರಷ್ಟು ಹಾಳಾಗುತ್ತದೆ. ಉರಿಯೂತ ತಗ್ಗಿಸುವ ಅದರ ಗುಣ ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡಿದೆ, ಅದನ್ನು ಸೂಕ್ಷ್ಮ ಕಣಗಳೊಳಗೆ ತುಂಬಿ ರೋಮಕೂಪಕ್ಕೆ ಇಳಿಸುವ ಪ್ರಯತ್ನ ನಡೆಯುತ್ತಿದೆ. ಕೆನೆಯಲ್ಲಿ ಕಲಸಿ ಹಚ್ಚಿದ ಅರಿಶಿನ ಆ ಕೆಲಸ ಮಾಡುತ್ತದೆ ಎಂದು ಭರವಸೆ ಕೊಡಲಾರೆ.

ಜೊತೆಗೆ ಮೊಡವೆಗೆ ತನ್ನದೇ ಏರಿಳಿತ ಇದೆ. ಪರೀಕ್ಷೆಯ ಮುಂಚೆ, ಮುಟ್ಟಿನ ಮುಂಚೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಏರಿದ್ದಾಗ ಏನು ಹಚ್ಚಿದರೂ ಇಳಿದ ಮೇಲೆ ಅದಕ್ಕೇ ಹೆಸರು. ಆದ್ದರಿಂದ ಒಂದು ಗುಂಪಿಗೆ ಮದ್ದು, ಇನ್ನೊಂದು ಗುಂಪಿಗೆ ಮದ್ದಿಲ್ಲದ ಅದೇ ಬಗೆಯ ಮುಲಾಮು ಕೊಟ್ಟು ಕನಿಷ್ಠ 8ರಿಂದ 12 ವಾರ ಹೋಲಿಸಿ ನೋಡದೆ ಏನನ್ನೂ ಹೇಳುವಂತಿಲ್ಲ. ಮದ್ದಿಲ್ಲದ ಮುಲಾಮು ಹಚ್ಚಿದವರಲ್ಲೂ ಒಂದಷ್ಟು ಜನರ ಮೊಡವೆ ಕಡಿಮೆಯಾಗುತ್ತದೆ.

ಗಿಡದಿಂದ ಟ್ಯೂಬಿಗೆ ಬಂದವು

ಸ್ಯಾಲಿಸಿಲಿಕ್ ಆ್ಯಸಿಡ್ ಕಥೆ ವಿಲೋ ಮರದ ತೊಗಟೆಯಿಂದ ಶುರುವಾಗುತ್ತದೆ. 1828ರಲ್ಲಿ ಜರ್ಮನಿಯ ಯೋಹಾನ್ ಬುಖ್ನರ್ ಆ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿ ಪದಾರ್ಥ ಬೇರ್ಪಡಿಸಿದರು. ಅದರ ಬಂಧುವೇ ಸ್ಯಾಲಿಸಿಲಿಕ್ ಆ್ಯಸಿಡ್. ಗಿಡಗಳ ಒಳಗೆ ಇದು ಅಪಾಯದ ಸೂಚನೆ: ಒಂದು ಎಲೆಗೆ ರೋಗ ತಗುಲಿದರೆ ಗಿಡದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವ ಸಂಕೇತಗಳಲ್ಲಿ ಇದೂ ಒಂದು. ಮನುಷ್ಯರ ಚರ್ಮದಲ್ಲಿ ಅದಕ್ಕೆ ಬೇರೆಯದೇ ಉಪಯೋಗ. ಅದು ಎಣ್ಣೆಯಲ್ಲಿ ಕರಗುವ ಸ್ವಭಾವದ್ದು, ಹಾಗಾಗಿ ಜಿಡ್ಡು ತುಂಬಿದ ರೋಮಕೂಪಕ್ಕೆ ಇಳಿದು ಅಂಟಿಕೊಂಡ ಸತ್ತ ಕೋಶಗಳನ್ನು ಸಡಿಲಿಸುತ್ತದೆ. ಶೇ. 0.5ರಿಂದ 2ರಷ್ಟು ಇರುವ ಫೇಸ್‌ವಾಶ್, ಜೆಲ್‌ಗಳು ಚೀಟಿ ಇಲ್ಲದೆಯೂ ಸಿಗುತ್ತವೆ. ಇಂದು ಇದು ಕಾರ್ಖಾನೆಯಲ್ಲೇ ತಯಾರಾಗುವುದು. ಮರದ್ದಾದರೂ ಕಾರ್ಖಾನೆಯದ್ದಾದರೂ ಅಣು ಅದೇ. ಆಸ್ಪಿರಿನ್ ಆಗದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಹಚ್ಚಬಾರದು.

ಅಜೆಲಾಯಿಕ್ ಆ್ಯಸಿಡ್ ಕಥೆ ಇನ್ನೂ ಸೊಗಸು, ನಮ್ಮ ಚರ್ಮದ ಬಣ್ಣದವರಿಗೆ ಹೆಚ್ಚು ಉಪಯೋಗಕ್ಕೂ ಬರುವಂಥದ್ದು. ಇದು ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿದೆ. ಆದರೆ ಇದರ ಔಷಧಿ ಗುಣ ಗೊತ್ತಾದದ್ದು ಚಿಬ್ಬಿನಿಂದ. ಬೆವರು ಹೆಚ್ಚಿರುವವರ ಕುತ್ತಿಗೆ, ಎದೆ, ಬೆನ್ನಿನ ಮೇಲೆ ತಿಳಿಬಣ್ಣದ ಮಚ್ಚೆ ಏಳುತ್ತದಲ್ಲ, ಅದೇ ಚಿಬ್ಬು. ಆ ಜಾಗ ಬಿಳಿಚಿಕೊಳ್ಳುವುದೇಕೆ ಎಂದು 1970ರ ದಶಕದಲ್ಲಿ ಇಟಲಿಯಲ್ಲಿ ನಝಾರೊ-ಪೊರೊ ಮತ್ತು ಪಾಸಿ ಹುಡುಕುತ್ತ ಹೋದರು. ಚಿಬ್ಬಿಗೆ ಕಾರಣವಾದ ಮಲಸೇಝಿಯ ಎಂಬ ಶಿಲೀಂಧ್ರ ಚರ್ಮದ ಜಿಡ್ಡನ್ನು ಒಡೆದು ಅಜೆಲಾಯಿಕ್ ಆ್ಯಸಿಡ್ ಮಾಡುತ್ತದೆ, ಅದು ಮೆಲನಿನ್ ತಯಾರಿಸುವ ಟೈರೊಸಿನೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಕಂಡುಬಂತು. ಬಣ್ಣದ ಸಮಸ್ಯೆಗೆಂದು ಪರೀಕ್ಷಿಸುತ್ತಿದ್ದಾಗ ಮೊಡವೆಯೂ ಇಳಿಯುವುದು ಕಂಡಿತು. ಬಿರಡೆ, ಬ್ಯಾಕ್ಟೀರಿಯ, ಉರಿಯೂತ ಮೂರನ್ನೂ ಇದು ಒಂದಿಷ್ಟು ತಗ್ಗಿಸುತ್ತದೆ. ಜೊತೆಗೆ ಮೊಡವೆ ಮಾಗಿದ ಮೇಲೆ ಉಳಿಯುವ ಕಪ್ಪು ಕಲೆಯನ್ನೂ ತಿಳಿಯಾಗಿಸುತ್ತದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಮೊಡವೆಗಿಂತ ಹೆಚ್ಚಾಗಿ ಈ ಕಲೆಗೇ ಕೊರಗುತ್ತಾರೆ. ಗರ್ಭಿಣಿಯರಿಗೆ ಡಾಕ್ಟರುಗಳು ಬರೆದುಕೊಡುವ ಕೆಲವೇ ಮೊಡವೆ ಮದ್ದುಗಳಲ್ಲಿ ಇದೂ ಒಂದು.

ಆದರೆ ಪ್ರಮಾಣ ನೋಡಿ. ಕ್ರೀಮಿನಲ್ಲಿ ಶೇ. 20, ಜೆಲ್‌ನಲ್ಲಿ ಶೇ. 15. ಅಷ್ಟು ಗಟ್ಟಿ ಇದ್ದರೇ ಕೆಲಸ. ಗೋಧಿಹಿಟ್ಟನ್ನು ಮುಖಕ್ಕೆ ಎಷ್ಟು ಮೆತ್ತಿದರೂ ಆ ಮಟ್ಟ ಮುಟ್ಟುವುದಿಲ್ಲ. ಗಿಡದಲ್ಲಿ ಇದೆ ಎನ್ನುವುದಕ್ಕೂ ಗಿಡ ಹಚ್ಚಿದರೆ ಸಿಗುತ್ತದೆ ಎನ್ನುವುದಕ್ಕೂ ಇಷ್ಟು ದೂರ.

ಪರೀಕ್ಷೆಗೆ ನಿಂತವು

ಮನುಷ್ಯರ ಮುಖದ ಮೇಲೆ ನಿಜವಾಗಿ ಪರೀಕ್ಷೆಯಾದ ಗಿಡದ ಎಣ್ಣೆಗಳಲ್ಲಿ ಮೊದಲ ಹೆಸರು ಟೀ ಟ್ರೀ ಎಣ್ಣೆಯದು. ಇದಕ್ಕೂ ನಾವು ಕುಡಿಯುವ ಚಹಾಕ್ಕೂ ಸಂಬಂಧವಿಲ್ಲ, ಆಸ್ಟ್ರೇಲಿಯದ ಮೆಲಲ್ಯೂಕ ಎಂಬ ಮರದ ಎಲೆಯಿಂದ ಬಟ್ಟಿ ಇಳಿಸಿದ್ದು. ಕೆಲಸ ಮಾಡುವ ಮುಖ್ಯ ಅಂಶ ಟರ್ಪಿನೆನ್-4-ಆಲ್. 1990ರಲ್ಲಿ ಆಸ್ಟ್ರೇಲಿಯದಲ್ಲಿ 124 ಜನರ ಮೇಲೆ ಶೇ. 5ರ ಟೀ ಟ್ರೀ ಜೆಲ್ ಮತ್ತು ಶೇ. 5ರ ಬೆನ್ಝಾಯ್ಲ್ ಪೆರಾಕ್ಸೈಡನ್ನು ಹೋಲಿಸಿದರು. ಎರಡರಲ್ಲೂ ಮೊಡವೆ ಇಳಿಯಿತು. ಟೀ ಟ್ರೀ ನಿಧಾನ, ಆದರೆ ಉರಿ, ಸಿಪ್ಪೆ ಏಳುವುದು ಕಡಿಮೆ. 2007ರಲ್ಲಿ ಇರಾನಿನಲ್ಲಿ 60 ಜನರ ಮೇಲೆ 45 ದಿನ ನಡೆದ ಪರೀಕ್ಷೆಯಲ್ಲಿ ಮದ್ದಿಲ್ಲದ ಜೆಲ್‌ಗಿಂತ ಇದು ಮೇಲು ಎಂದು ಕಂಡಿತು. ಎಚ್ಚರ ಒಂದೇ: ಈ ಎಣ್ಣೆಯ ಬಾಟಲಿ ತೆರೆದು ಹಳೆಯದಾದರೆ ಗಾಳಿಗೆ ಕೆಟ್ಟು ಅಲರ್ಜಿ ತರುವ ಪದಾರ್ಥಗಳು ಹುಟ್ಟುತ್ತವೆ. ಅಪ್ಪಟ ಎಣ್ಣೆಯನ್ನು ಹಾಗೆಯೇ ಮುಖಕ್ಕೆ ಹಚ್ಚುವುದೂ ತಪ್ಪು, ಪರೀಕ್ಷೆಯಾದದ್ದು ಶೇ. 5ರದ್ದು.

ಇನ್ನೊಂದು ಹಸಿರು ಚಹಾದಲ್ಲಿರುವ ಇಜಿಸಿಜಿ ಎಂಬ ಅಂಶ. ಕೊಟ್ಟಿಗೆಹಾರದ ಕಡೆ ಚಹಾ ತೋಟ ನೋಡಿದವರಿಗೆ ಆ ಎಲೆ ಗೊತ್ತಿರುತ್ತದೆ. ಎಲೆ ಹುದುಗದೆ ಹಸಿರಾಗಿಯೇ ಒಣಗಿದರೆ ಅದರಲ್ಲಿ ಈ ಅಂಶ ಹೆಚ್ಚು ಉಳಿಯುತ್ತದೆ. ಕೊರಿಯದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಒಂದು ಬದಿಗೆ ಇಜಿಸಿಜಿ ಇರುವ, ಇನ್ನೊಂದು ಬದಿಗೆ ಇಲ್ಲದ ದ್ರಾವಣವನ್ನು 8 ವಾರ ಹಚ್ಚಿ ನೋಡಿದರು. ಒಬ್ಬರದೇ ಮುಖ, ಒಂದೇ ಹಾರ್ಮೋನು, ಒಂದೇ ಊಟ, ಹೀಗಾಗಿ ಹೋಲಿಕೆಗೆ ಇದು ಒಳ್ಳೆಯ ವಿಧಾನ. ಮದ್ದು ಹಚ್ಚಿದ ಬದಿಯಲ್ಲಿ ಮೊಡವೆ ಕಡಿಮೆಯಾಯಿತು. ಪ್ರಯೋಗಾಲಯದಲ್ಲಿ ಜಿಡ್ಡಿನ ಕೋಶಗಳ ಮೇಲೆ ನೋಡಿದಾಗ ಕೊಬ್ಬು ತಯಾರಿಸುವ ಆದೇಶವನ್ನೇ ಅದು ತಗ್ಗಿಸುತ್ತದೆ ಎಂದೂ ತಿಳಿಯಿತು. ನನಗೆ ಇದು ಮುಖ್ಯ ಎನಿಸುವುದು ಏಕೆಂದರೆ ಹಚ್ಚುವ ಮದ್ದುಗಳಲ್ಲಿ ಜಿಡ್ಡನ್ನು ತಗ್ಗಿಸುವಂಥವು ಬಹಳ ಅಪರೂಪ. ಭಾಗವಹಿಸಿದವರು ಕೆಲವೇ ಜನ, ಮಾರುಕಟ್ಟೆಯ ಮದ್ದಾಗಲು ಇನ್ನೂ ದೊಡ್ಡ ಪರೀಕ್ಷೆಗಳು ಬೇಕು. ಮನೆಯಲ್ಲಿ ಕುದಿಸಿಟ್ಟ ಚಹಾ ನೀರು ಇದಕ್ಕೆ ಸಾಟಿಯಲ್ಲ, ಈ ಅಂಶ ನೀರಿನಲ್ಲಿ ಬೇಗ ಕೆಟ್ಟು ಕಂದಾಗುತ್ತದೆ.

ಲೋಳೆಸರದ ಬಗ್ಗೆ ಒಂದು ಮಾತು. ಒಂಟಿಯಾಗಿ ಅದು ಮೊಡವೆ ಇಳಿಸಿದ್ದಕ್ಕೆ ಬಲವಾದ ಆಧಾರ ಇಲ್ಲ. ಟ್ರೆಟಿನಾಯಿನ್ ಎಂಬ ಖಾರದ ಮದ್ದಿನ ಜೊತೆ ಸೇರಿಸಿದಾಗ ಫಲ ಹೆಚ್ಚಿತು, ಕೆಂಪಾಗುವುದು ತಗ್ಗಿತು ಎಂದು 2014ರ ಇರಾನಿನ ಅಧ್ಯಯನವೊಂದು ಹೇಳುತ್ತದೆ. ಹಿತ್ತಲಿನ ಲೋಳೆಸರ ಬಳಸುವವರು ಎಲೆ ಕೊಯ್ದ ಮೇಲೆ ನಿಲ್ಲಿಸಿಟ್ಟು ಸಿಪ್ಪೆಯಡಿಯ ಹಳದಿ ರಸ ಪೂರ್ತಿ ಸೋರಲು ಬಿಡಬೇಕು, ಆ ರಸ ಚರ್ಮಕ್ಕೆ ಕೆರೆತ ತರುತ್ತದೆ. ಗುಗ್ಗುಳದ ಮಾತ್ರೆಯನ್ನು ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಜೊತೆ ಹೋಲಿಸಿದ ಭಾರತದ ಅಧ್ಯಯನ 1994ರಲ್ಲಿ ಬಂತು. ಎರಡೂ ಹೆಚ್ಚುಕಡಿಮೆ ಸಮ ಎಂದಿತು, ಆದರೆ ಅದರಲ್ಲಿದ್ದವರು 20 ಜನ ಅಷ್ಟೇ.

ಇಂಥ ಬದಲಿ ಚಿಕಿತ್ಸೆಗಳ 35 ಅಧ್ಯಯನಗಳನ್ನು, ಒಟ್ಟು 3,227 ಜನರ ಮಾಹಿತಿಯನ್ನು ಕೊಕ್ರೇನ್ ಸಂಸ್ಥೆ 2015ರಲ್ಲಿ ಒಟ್ಟುಗೂಡಿಸಿ ನೋಡಿತು. ಟೀ ಟ್ರೀ ಎಣ್ಣೆಯಿಂದ ಲಾಭ ಇರಬಹುದು, ಆದರೆ ಆಧಾರದ ಗುಣಮಟ್ಟ ಕಡಿಮೆ ಎಂಬುದು ಅದರ ತೀರ್ಪು. ಗಿಡದ ಅಂಶಗಳಲ್ಲಿ ಹುರುಳಿಲ್ಲ ಎಂದು ಇದನ್ನು ಓದಬಾರದು. ಸರಿಯಾಗಿ ಪರೀಕ್ಷಿಸುವ ಕೆಲಸವೇ ಬಾಕಿ ಇದೆ.

ಬಾವಂಚಿ: ಒಂದೇ ಬೀಜ, ಎರಡು ಗುಣ

ಕಳೆದ ಬೇಸಿಗೆಯಲ್ಲಿ ಆಲೂರು ಕಡೆಯ ಒಬ್ಬ ತಾಯಿ ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಹುಡುಗಿ ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಸರಿಸಿದಾಗ ಎರಡೂ ಕೆನ್ನೆ ಕೆಂಪಗೆ ಊದಿ, ಎಡಗೆನ್ನೆಯಲ್ಲಿ ನೀರ್ಗುಳ್ಳೆ ಎದ್ದಿತ್ತು. ಬಣ್ಣ ಕಟ್ಟಿದ ಜಾಗದ ಅಂಚು ಬೆರಳಲ್ಲಿ ಗೆರೆ ಎಳೆದಷ್ಟು ಸ್ಪಷ್ಟ: ಲೇಪ ಎಲ್ಲಿವರೆಗೆ ಹಚ್ಚಿದ್ದಳೋ ಅಲ್ಲಿವರೆಗೆ. "ಗಿಡಮೂಲಿಕೆ ತಾನೆ ಅಂತ ಹಚ್ಚಿದ್ವಿ ಅಕ್ಕ, ಮಾರನೇ ದಿನ ಏನೂ ಆಗಿರ್ಲಿಲ್ಲ," ಎಂದರು ಅಮ್ಮ. ಬಾವಂಚಿ ಪುಡಿಗೆ ನಿಂಬೆರಸ ಕಲಸಿ ಹಚ್ಚಿ, ತೊಳೆದು, ಹುಡುಗಿ ಬಿಸಿಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿದ್ದಳು. ನಾನು ಯಾವ ಟ್ಯೂಬೂ ಕೊಡಲಿಲ್ಲ, ಅಂದೇ ಚರ್ಮದ ಡಾಕ್ಟರ ಹತ್ತಿರ ಹೋಗಲು ಹೇಳಿದೆ.

ಆ ಬೀಜದಲ್ಲಿ ಆದದ್ದು ಇಷ್ಟು. ಬಾವಂಚಿಯಲ್ಲಿ ಸೊರಾಲೆನ್ ಎಂಬ ಪದಾರ್ಥವಿದೆ. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ನಮ್ಮ ದೇಶದ ರಸಾಯನಶಾಸ್ತ್ರಜ್ಞರೇ ಈ ಬೀಜವನ್ನು ವಿಶ್ಲೇಷಿಸಿ ಅದನ್ನು ಬೇರ್ಪಡಿಸಿದರು. ಕತ್ತಲಲ್ಲಿ ಸೊರಾಲೆನ್ ಸುಮ್ಮನಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದ ಕೂಡಲೇ ಚರ್ಮದ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಕೋಶವನ್ನು ಸುಡುತ್ತದೆ. ಕೆಂಪು, ಗುಳ್ಳೆ ಕಾಣಲು ಒಂದು ದಿನ ಬೇಕು, ಎರಡು ಮೂರು ದಿನಕ್ಕೆ ಉಲ್ಬಣವಾಗುತ್ತದೆ, ಆಮೇಲೆ ಕಪ್ಪು ಕಲೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಉಳಿಯುತ್ತದೆ. 'ಮಾರನೇ ದಿನ ಏನೂ ಆಗಿರಲಿಲ್ಲ' ಎಂಬ ಮಾತಿನ ಅರ್ಥ ಇದೇ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುವ ಹಳೆಯ ಚಿಕಿತ್ಸೆಯ ಮರ್ಮವೂ ಇದೇ ಗುಣ. ಬಣ್ಣ ತರಿಸಲೆಂದೇ ಅಳತೆಯಿಟ್ಟು ಮಾಡುವ ಕೆಲಸವದು, ಮೊಡವೆಗೆ ಆ ಬಿಸಿಲು ಬೇಡ. ನಿಂಬೆಹಣ್ಣಿನಲ್ಲೂ, ಮುಖ್ಯವಾಗಿ ಸಿಪ್ಪೆಯಲ್ಲಿ, ಇದೇ ಕುಲದ ಪದಾರ್ಥಗಳಿವೆ.

ಅದೇ ಬೀಜದಲ್ಲಿ ಇನ್ನೊಂದು ಅಣು ಕೂಡ ಇದೆ, ಬಾಕುಚಿಯಾಲ್. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸುಖ್ ದೇವ್ ಮತ್ತು ಸಂಗಡಿಗರು 1966ರಲ್ಲಿ ಇದನ್ನು ಗುರುತಿಸಿದರು. ಬಿಸಿಲಿಗೆ ಸುಡುವ ಗುಣ ಇದಕ್ಕಿಲ್ಲ. ರೆಟಿನಾಲ್ ಎಂಬ ಎ ಜೀವಸತ್ವದ ರೂಪಕ್ಕೂ ಇದಕ್ಕೂ ರಚನೆಯಲ್ಲಿ ಹೋಲಿಕೆ ಇಲ್ಲದಿದ್ದರೂ ಚರ್ಮದ ಕೋಶಗಳಲ್ಲಿ ಎರಡೂ ಎಬ್ಬಿಸುವ ಜೀನುಗಳು ಬಹಳಷ್ಟು ಒಂದೇ. 2019ರಲ್ಲಿ 44 ಜನರಲ್ಲಿ 12 ವಾರ ನಡೆದ ಹೋಲಿಕೆಯಲ್ಲಿ ಶೇ. 0.5ರ ಬಾಕುಚಿಯಾಲ್ ಸುಕ್ಕು ಮತ್ತು ಕಲೆಗೆ ರೆಟಿನಾಲ್‌ನಷ್ಟೇ ಕೆಲಸ ಮಾಡಿತು, ಸಿಪ್ಪೆ ಏಳುವುದು, ಚುರುಗುಟ್ಟುವುದು ಕಡಿಮೆ. ಅದು ಸುಕ್ಕಿನ ಅಧ್ಯಯನ ಎಂಬುದನ್ನು ಮರೆಯಬಾರದು. ಮೊಡವೆಗೆ ನಡೆದ ಅಧ್ಯಯನಗಳು ಸಣ್ಣವು. ಎ ಜೀವಸತ್ವದ ಕುಲದ ರೆಟಿನಾಯ್ಡ್ ಮದ್ದುಗಳ ಉರಿಯನ್ನು ತಡೆದುಕೊಳ್ಳಲಾಗದ ಚರ್ಮಕ್ಕೆ ಇದು ದಾರಿಯಾಗಬಹುದು ಎಂಬ ಆಸೆ ನನಗಿದೆ. ಆದರೆ ಅಂಗಡಿಯಲ್ಲಿ ತೂಗಿ ಕೊಡುವ ಪುಡಿಯಲ್ಲಿ ಎರಡೂ ಅಣುಗಳು ಒಟ್ಟಿಗೇ ಇರುತ್ತವೆ. ಶುದ್ಧೀಕರಿಸಿ ಸೊರಾಲೆನ್ ತೆಗೆದದ್ದು ಮಾತ್ರ ಮುಖಕ್ಕೆ.

ಅರಸೀಕೆರೆಯ ಕೊಬ್ಬರಿ, ಚಿಕ್ಕಮಗಳೂರಿನ ಕಾಫಿ

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಗೊಂದಲ ಹೆಚ್ಚು. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧ ಲಾರಿಕ್ ಆ್ಯಸಿಡ್. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊಡವೆಯ ಬ್ಯಾಕ್ಟೀರಿಯವನ್ನು ತಡೆಯಲು ಬೆನ್ಝಾಯ್ಲ್ ಪೆರಾಕ್ಸೈಡ್ ಎಷ್ಟು ಬೇಕೋ ಅದರ 15ನೇ ಒಂದು ಭಾಗಕ್ಕಿಂತ ಕಡಿಮೆ ಲಾರಿಕ್ ಆ್ಯಸಿಡ್ ಸಾಕಾಯಿತು. ಇದನ್ನು ಕೇಳಿದವರು ಅರಸೀಕೆರೆ ಕೊಬ್ಬರಿಯ ಗಾಣದೆಣ್ಣೆ ತಂದು ರಾತ್ರಿ ಮುಖಕ್ಕೆ ಬಳಿದು ಮಲಗುತ್ತಾರೆ. ಎಣ್ಣೆಯಲ್ಲಿ ಲಾರಿಕ್ ಆ್ಯಸಿಡ್ ಬಿಡಿಯಾಗಿಲ್ಲ, ಗ್ಲಿಸರಾಲ್‌ಗೆ ಕಟ್ಟಿಹಾಕಿದ ಟ್ರೈಗ್ಲಿಸರೈಡ್ ರೂಪದಲ್ಲಿದೆ. ಪರೀಕ್ಷೆಯಾದದ್ದು ಬಿಡಿ ಆಮ್ಲ, ಅದೂ ಪ್ರಯೋಗಾಲಯದಲ್ಲಿ ಮತ್ತು ಇಲಿಯ ಕಿವಿಯ ಮೇಲೆ. ಮುಖಕ್ಕೆ ಬಳಿದ ಎಣ್ಣೆ ಮಾತ್ರ ರೋಮಕೂಪದ ಬಾಯಿ ಕಟ್ಟಬಲ್ಲದು. ಕೂದಲಿಗೆ, ಒಣ ಕೈಕಾಲಿಗೆ ಧಾರಾಳವಾಗಿ ಹಚ್ಚಿ. ಮೊಡವೆ ಏಳುವ ಮುಖಕ್ಕೆ, ಹಣೆಯ ಮೇಲಿನ ಕೂದಲಿಗೆ ಬೇಡ.

ಕಾಫಿಯಲ್ಲಿ ಕುತೂಹಲ ಹುಟ್ಟಿಸುವುದು ಕ್ಲೋರೊಜೆನಿಕ್ ಆ್ಯಸಿಡ್. ಹಸಿ ಬೀಜದಲ್ಲಿ ಇದು ಹೆಚ್ಚು, ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಇನ್ನೂ ಹೆಚ್ಚು. ಹುರಿಯುತ್ತ ಹೋದಂತೆ ಬಹುಪಾಲು ಒಡೆದುಹೋಗುತ್ತದೆ. ಇಲಿಗಳಲ್ಲಿ ಮೊಡವೆ ಬ್ಯಾಕ್ಟೀರಿಯ ಎಬ್ಬಿಸಿದ ಉರಿಯೂತವನ್ನು ಇದು ತಗ್ಗಿಸಿತು ಎಂಬ ವರದಿ ಇದೆ. ಮನುಷ್ಯರಲ್ಲಿ ಮೊಡವೆಗೆ ಇದನ್ನು ಸಾಬೀತುಪಡಿಸಿದ ದೊಡ್ಡ ಪರೀಕ್ಷೆ ಇಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇರುವ ಜಿಲ್ಲೆ ನಮ್ಮ ಪಕ್ಕದ್ದು. ಪ್ರತಿ ಕೊಯ್ಲಿನಲ್ಲೂ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದಿಂದ ರಾಶಿ ರಾಶಿ ಸಿಪ್ಪೆ ಬರುವ ಇಂಥ ಸೀಮೆಯಲ್ಲಿ, ಆ ಸಿಪ್ಪೆಯಲ್ಲಿರುವ ಅಂಶಗಳನ್ನು ಚರ್ಮದ ಮದ್ದಿಗೆ ಪರೀಕ್ಷಿಸುವ ಕೆಲಸ ಗಂಭೀರವಾಗಿ ನಡೆಯಬೇಕು ಎಂಬುದು ನನ್ನ ಬಯಕೆ. ಅದಕ್ಕೂ ಹುರಿದ ಕಾಫಿ ಪುಡಿಗೆ ಸಕ್ಕರೆ ಬೆರೆಸಿ ಮುಖ ಉಜ್ಜುವುದಕ್ಕೂ ಏನೇನೂ ಸಂಬಂಧವಿಲ್ಲ. ತರಿತರಿ ಪುಡಿಯಿಂದ ಉಜ್ಜಿದರೆ ಉರಿಯೂತದ ಮೊಡವೆ ಇನ್ನೂ ಕೆರಳುತ್ತದೆ, ಕಲೆಯೂ ಗಟ್ಟಿಯಾಗುತ್ತದೆ.

ಮರದರಿಸಿನದ ಕಾಂಡ ಕೊಯ್ದರೆ ಕಾಣುವ ಹಳದಿ ಅರಿಶಿನದ್ದಲ್ಲ, ಬರ್ಬೆರಿನ್ ಎಂಬ ಅಂಶದ್ದು. ಜಿಡ್ಡಿನ ಗ್ರಂಥಿಯ ಕೊಬ್ಬು ತಯಾರಿಕೆಯನ್ನು ಬರ್ಬೆರಿನ್ ತಗ್ಗಿಸುತ್ತದೆ ಎಂದು ಹ್ಯಾಮ್ಸ್ಟರ್ ಪ್ರಾಣಿಗಳ ಮೇಲಿನ ಹಳೆಯ ಅಧ್ಯಯನ ತೋರಿಸಿದೆ. ಆದರೆ ಪಶ್ಚಿಮ ಘಟ್ಟದ ಈ ಬಳ್ಳಿ ಬಹಳ ನಿಧಾನವಾಗಿ ಬೆಳೆಯುವಂಥದ್ದು, ಮಿತಿ ಇಲ್ಲದೆ ಕಡಿದು ಈಗ ಕಾಡಿನಲ್ಲಿ ಅಪರೂಪವಾಗಿದೆ. ಮುಖದ ಮೊಡವೆಗೆಂದು ಇದನ್ನು ಕೊಳ್ಳಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ಬರ್ಬೆರಿನ್ ಸುಲಭವಾಗಿ ಬೆಳೆಯುವ ಬೇರೆ ಗಿಡಗಳಿಂದಲೂ ಸಿಗುತ್ತದೆ.

ಹಳೆಯ ಲೇಪದ ಪ್ರಶ್ನೆ

ಆಯುರ್ವೇದಕ್ಕೆ ಮೊಡವೆ ಹೊಸದಲ್ಲ. ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳನ್ನು ಸುಶ್ರುತ ಸಂಹಿತೆ ಮುಖದೂಷಿಕಾ ಎಂದು ವಿವರಿಸುತ್ತದೆ. ಶಾರ್ಙ್ಗಧರ ಸಂಹಿತೆಯಲ್ಲಿ ಇದಕ್ಕೆ ಲೋಧ್ರ, ಕೊತ್ತಂಬರಿ ಬೀಜ, ಬಜೆ ಮೂರನ್ನೂ ಅರೆದು ಹಚ್ಚುವ ಲೇಪವಿದೆ. ಲೋಧ್ರದ ತೊಗಟೆ ಒಗರು, ಚರ್ಮವನ್ನು ಬಿಗಿಯುತ್ತದೆ. ಮೂರರ ಮಿಶ್ರಣದಲ್ಲಿ ಕೆಲಸ ಮಾಡುವುದು ಯಾವುದು, ಒಂದರ ಜೊತೆ ಇನ್ನೊಂದು ಸೇರಿದ್ದಕ್ಕೇ ಗುಣ ಬಂದಿತೇ ಎಂಬುದು ನಿಜಕ್ಕೂ ಒಳ್ಳೆಯ ಸಂಶೋಧನಾ ಪ್ರಶ್ನೆ. ಹಾಸನದಲ್ಲೇ ಎಸ್‌ಡಿಎಂ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಇದೆ, ಸುತ್ತಲಿನ ತಾಲ್ಲೂಕುಗಳ ಜನ ಅಲ್ಲಿಗೆ ಬರುತ್ತಾರೆ. ಲೇಪ ಬೇಕೆನಿಸಿದರೆ ಓದಿದ ವೈದ್ಯರ ಕೈಯಿಂದ ತೆಗೆದುಕೊಳ್ಳಿ. ಅಂಗಡಿಯ ಪುಡಿಯಲ್ಲಿ ಕಲಬೆರಕೆ ಸಾಮಾನ್ಯ, ಕಸ್ತೂರಿ ಅರಿಶಿನ ಎಂದು ಬೇರೆ ಜಾತಿಯ ಗೆಡ್ಡೆಯನ್ನು ಪುಡಿ ಮಾಡಿ ಮಾರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಇದಕ್ಕಿಂತ ದೊಡ್ಡ ಅಪಾಯ ಹೆಸರಿಲ್ಲದ 'ಹರ್ಬಲ್' ಕ್ರೀಮುಗಳದು. ಹಚ್ಚಿದ ಮೂರೇ ದಿನಕ್ಕೆ ಮೊಡವೆ ಮಾಯ, ಮುಖ ಬೆಳ್ಳಗೆ ಎಂದರೆ ಒಳಗೆ ಸ್ಟೀರಾಯ್ಡ್ ಇರುವ ಸಾಧ್ಯತೆ ಬಹಳ. ಸ್ಟೀರಾಯ್ಡ್ ಉರಿಯೂತವನ್ನು ಒಮ್ಮೆಲೇ ಅದುಮುತ್ತದೆ. ಮುಂದುವರಿಸಿದರೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಬಿಟ್ಟ ಕೂಡಲೇ ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ. ಗಿಡದ ಯಾವ ಅಂಶವೂ ಮೂರು ದಿನಕ್ಕೆ ಕೆಲಸ ಮುಗಿಸುವುದಿಲ್ಲ. ರೋಮಕೂಪದ ಒಳಗೋಡೆ ಹೊಸದಾಗಲು ವಾರಗಳೇ ಬೇಕು.

ಮನೆಯ ಮದ್ದು ಹಚ್ಚಿಯೇ ನೋಡುವೆ ಎನ್ನುವವರು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ನಿಂಬೆರಸ, ಬಾವಂಚಿ, ಬೆಳ್ಳುಳ್ಳಿ, ಟೂತ್‌ಪೇಸ್ಟ್ ಮುಖಕ್ಕೆ ಬೇಡವೇ ಬೇಡ. ಒಂದು ಹೊತ್ತಿಗೆ ಒಂದೇ ಮದ್ದು. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ 'ಗಿಡದ್ದು ತಾನೆ' ಎಂಬ ಧೈರ್ಯ ಬೇಡ, ಬಾಕುಚಿಯಾಲ್ ಸೇರಿದಂತೆ ಹಲವು ಅಂಶಗಳನ್ನು ಗರ್ಭಿಣಿಯರಲ್ಲಿ ಸಾಕಷ್ಟು ಪರೀಕ್ಷಿಸಿಲ್ಲ. ಒಳಗೆ ಗಂಟು ಗಂಟಾಗಿ ನೋಯುವ ಮೊಡವೆ, ಗುಳಿ ಬೀಳುತ್ತಿರುವ ಮುಖ, ಮುಟ್ಟು ತಪ್ಪುವುದರ ಜೊತೆ ಗಲ್ಲದ ಮೇಲೆ ಕೂದಲು, ಇವು ಲೇಪದ ಕೆಲಸಗಳಲ್ಲ. ಗುಳಿ ಒಮ್ಮೆ ಬಿದ್ದರೆ ತುಂಬಿಸುವುದು ಕಷ್ಟ, ದುಬಾರಿ. ಗಂಟಿನ ಮೊಡವೆಗೆ 1982ರಿಂದ ಬಳಕೆಯಲ್ಲಿರುವ ಐಸೊಟ್ರೆಟಿನಾಯಿನ್ ಮಾತ್ರೆ ಇಂದಿಗೂ ಅತ್ಯಂತ ಬಲವಾದ ಮದ್ದು. ಗರ್ಭದ ಶಿಶುವಿಗೆ ಅದರಿಂದ ಗಂಭೀರ ಹಾನಿ ಇರುವುದರಿಂದ ಡಾಕ್ಟರ ಕಣ್ಗಾವಲಿನಲ್ಲೇ ತೆಗೆದುಕೊಳ್ಳಬೇಕು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಟ್ಯೂಬು, ಡಬ್ಬಿ, ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಬೈಯುತ್ತಾರೆಂದು ಗಿಡದ ಮದ್ದನ್ನು ಮುಚ್ಚಿಡಬೇಡಿ, ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಜೊತೆಗೆ ಇಟ್ಟುಕೊಳ್ಳಬಹುದು ಎಂದು ಡಾಕ್ಟರು ಹೇಳಲು ಅವು ಬೇಕು.